ಅಳತೆ ಟೇಪು, ಸೋಫಾ ಮತ್ತು ಮೂರನೇ ಮಹಡಿ
(ಮಹಿಳಾ ವಿಭಾಗದ ಮಾಸಿಕ ಕೂಟದಲ್ಲಿ ಆಡಿದ ಮಾತುಗಳ ಬರಹರೂಪ)



ಈ ತಿಂಗಳು ಮಾತಾಡಲು ನನಗೆ ಹೇಳಿದಾಗ ಸಂಚಾಲಕಿಯವರು, "ನೀವು ಐಟಿಯವರು, ಎಂ.ಟೆಕ್ ಮಾಡಿದ್ದೀರಿ, ಕೃತಕ ಬುದ್ಧಿಮತ್ತೆ ಬಗ್ಗೆ ಏನಾದರೂ ಹೇಳಿ" ಅಂದರು. ನಾನು, "ಅಕ್ಕಾ, ಅದರ ಬಗ್ಗೆ ಎಲ್ಲರೂ ಹೇಳುತ್ತಿದ್ದಾರೆ. ನಾನು ಸೋಫಾ ಬಗ್ಗೆ ಮಾತಾಡಲೇ?" ಎಂದೆ. ಫೋನಿನ ಆ ಕಡೆ ಸ್ವಲ್ಪ ಹೊತ್ತು ಸದ್ದೇ ಇರಲಿಲ್ಲ. ಆಮೇಲೆ, "ನಮ್ಮನೇಲೂ ಒಂದು ಸೋಫಾ ವಾಪಸ್ ಹೋಗಿತ್ತು, ಮಾತಾಡಿ" ಅಂದರು. ಈಗ ನಾನು ಕೇಳುತ್ತೇನೆ. ಸೋಫಾ, ಕಪಾಟು, ಮಂಚ, ಫ್ರಿಜ್ಜು, ಯಾವುದಾದರೂ ಒಂದು ಸಾಮಾನು ಬಾಗಿಲಲ್ಲೋ ಮೆಟ್ಟಿಲಲ್ಲೋ ಸಿಕ್ಕಿಹಾಕಿಕೊಂಡ ಅನುಭವ ಯಾರಿಗಿದೆ? ಕೈ ಎತ್ತಿ. ನೋಡಿ, ಅರ್ಧ ಸಭಾಂಗಣ! ಹಾಗಾದರೆ ಇದು ನಮ್ಮದೇ ವಿಷಯ.

ನಮ್ಮ ಮನೆ ಡೊಂಬಿವಲಿ ಪೂರ್ವದಲ್ಲಿ. ನಾಲ್ಕು ಮಹಡಿಯ ಹಳೆಯ ಕಟ್ಟಡ, ಲಿಫ್ಟ್ ಇಲ್ಲ. ನಾವಿರುವುದು ಮೂರನೇ ಮಹಡಿಯಲ್ಲಿ. ಕಳೆದ ವರ್ಷ ಜನವರಿಯಲ್ಲಿ ಹುಬ್ಬಳ್ಳಿಯಲ್ಲಿ ನಮ್ಮ ಅತ್ತೆಯ ಬಲಮೊಣಕಾಲಿನ ಆಪರೇಷನ್ ಆಯಿತು. ಧಾರವಾಡದ ಮನೆಯಲ್ಲಿ ಒಬ್ಬರೇ ಇರುವುದು ಬೇಡ, ಇಲ್ಲಿಗೇ ಬರಲಿ ಅಂತ ತೀರ್ಮಾನಿಸಿದೆವು. ನಮ್ಮ ಮನೆಯಲ್ಲಿದ್ದದ್ದು ನೆಲಕ್ಕಂಟಿದಂತಿದ್ದ ದಿವಾನ. ಮೊಣಕಾಲು ಬದಲಿಸಿದವರು ಅದರ ಮೇಲೆ ಕೂತರೆ ಏಳಲು ಇಬ್ಬರು ಬೇಕು. ಅದಕ್ಕೇ ಒಂದು ಒಳ್ಳೆಯ ಸೋಫಾ ಕೊಳ್ಳೋಣ ಅಂತ ಹೊರಟೆವು.

ದೊಡ್ಡ ಅಂಗಡಿ, ತಂಪಾದ ಎಸಿ. ನಾನು ಬಣ್ಣ ನೋಡಿದೆ, ನಮ್ಮವರು ಬೆಲೆ ನೋಡಿದರು, ಮಗಳು ಅದರ ಮೇಲೆ ಕುಣಿದು ನೋಡಿದಳು. ಮೂವರಿಗೂ ಒಪ್ಪಿಗೆಯಾಯಿತು. ಏಳು ಅಡಿ ಉದ್ದದ ಮೂರು ಸೀಟಿನ ಸೋಫಾ, 46,000 ರೂಪಾಯಿ. ನಮ್ಮ ಹಾಲಿನಲ್ಲಿ ಎಂಟೂವರೆ ಅಡಿ ಗೋಡೆ ಇದೆ ಅಂತ ಗೊತ್ತಿತ್ತು. ಅಷ್ಟೇ ನಾವು ಮಾಡಿದ ಲೆಕ್ಕ. ಇಡುವ ಜಾಗ ಅಳೆದೆವು, ಬರುವ ದಾರಿ ಅಳೆಯಲಿಲ್ಲ.

ಆಫೀಸಿನಲ್ಲಿ ನನ್ನ ಕೆಲಸವೇ ಬೇರೆ ಬೇರೆ ತಂಡದವರು ಬರೆದ ಸಾಫ್ಟ್‌ವೇರ್ ಭಾಗಗಳು ಒಂದಕ್ಕೊಂದು ಕೂಡುತ್ತವೆಯೇ ಎಂದು ನೋಡುವುದು. ಪ್ರತಿ ಭಾಗವೂ ತನ್ನಷ್ಟಕ್ಕೆ ಸರಿಯಿರುತ್ತದೆ, ಕೂಡಿಸಿದಾಗಲೇ ಕೆಡುವುದು. ಈ ಮಾತನ್ನು ಹೊಸ ಹುಡುಗರಿಗೆ ದಿನಾ ಹೇಳುವವಳು ನಾನು. ಸೋಫಾ ಸರಿಯಿತ್ತು, ಮನೆ ಸರಿಯಿತ್ತು, ನಡುವಿನ ಮೆಟ್ಟಿಲು ಮಾತ್ರ ನನ್ನ ತಲೆಗೇ ಬರಲಿಲ್ಲ.

ಭಾನುವಾರ ಹನ್ನೊಂದು ಗಂಟೆಗೆ ಟೆಂಪೋ ಬಂತು. ಇಬ್ಬರು ಹಮಾಲರು, ಜೊತೆಗೆ ಡ್ರೈವರ್. ಮೊದಲ ಮಹಡಿ ಸಲೀಸು. ಮೆಟ್ಟಿಲು ತಿರುಗುವ ಜಾಗದಲ್ಲಿ, ಲ್ಯಾಂಡಿಂಗ್ ಅನ್ನುತ್ತೇವಲ್ಲ, ಅಲ್ಲಿ ಅವರು ಸೋಫಾವನ್ನು ಕಟಕಟೆಯ ಮೇಲೆ ಎತ್ತಿ, ಅರ್ಧ ಭಾಗ ಗಾಳಿಯಲ್ಲಿ ಚಾಚಿ, ತಿರುಗಿಸಿಬಿಟ್ಟರು. ಎರಡನೇ ಮಹಡಿಗೂ ಹಾಗೇ ಬಂತು. ಎರಡು ಮತ್ತು ಮೂರನೇ ಮಹಡಿಯ ನಡುವಿನ ಲ್ಯಾಂಡಿಂಗಿನಲ್ಲಿ ನಿಂತಿತು.

ಯಾಕೆ? ಕೆಲವು ವರ್ಷದ ಹಿಂದೆ ಕಟ್ಟಡದಲ್ಲಿ ಒಂದು ಕಳ್ಳತನವಾಗಿತ್ತು. ಆಗ ಸೊಸೈಟಿಯವರು ಆ ಜಾಗದಲ್ಲಿ ಕಟಕಟೆಯಿಂದ ಮೇಲಿನ ಸ್ಲ್ಯಾಬಿನವರೆಗೆ ಕಬ್ಬಿಣದ ಗ್ರಿಲ್ ಹಾಕಿಸಿದ್ದರು. ಹಾಗಾಗಿ ಕಟಕಟೆಯ ಮೇಲೆ ಎತ್ತುವಂತಿಲ್ಲ. ಸರಿ, ನೆಟ್ಟಗೆ ನಿಲ್ಲಿಸಿ ತಿರುಗಿಸೋಣ ಅಂದರು. ಅಲ್ಲಿ ರಿಪೇರಿಯ ಸಮಯದಲ್ಲಿ ತೊಲೆಯ ಕೆಳಗೆ ಆಧಾರಕ್ಕೆಂದು ಇನ್ನೊಂದು ಕಬ್ಬಿಣದ ತೊಲೆ ಕೂರಿಸಿದ್ದಾರೆ. ಹಳೆಯ ಕಟ್ಟಡಗಳಲ್ಲಿರುವ ನಿಮಗೆಲ್ಲ ಅದು ಗೊತ್ತು. ನೆಲದಿಂದ ಆ ತೊಲೆಗೆ 82 ಇಂಚು. ನಮ್ಮ ಸೋಫಾ 84 ಇಂಚು. ಎರಡೇ ಇಂಚು! ಆನೆ ಹೋಗಿ ಬಾಲ ಸಿಕ್ಕಿಕೊಂಡ ಹಾಗಾಯಿತು.

ಆಗ ನಾನು ಮಾಡಿದ ತಪ್ಪು ಈಗಲೂ ಮನಸ್ಸಿಗೆ ಚುಚ್ಚುತ್ತದೆ. ಹಿರಿಯ ಹಮಾಲ, "ತಾಯಿ, ಆಗಲ್ಲ, ವಾಪಸ್ ಒಯ್ಯೋಣ" ಅಂದ. ನಾನು, "ಇನ್ನೊಂದು ಸಲ ನೋಡಿ, ಸ್ವಲ್ಪ ಒತ್ತಿ" ಅಂದೆ. ಒತ್ತಿದರು. ಸೋಫಾ ಜಾರಿ ಅದರ ಕಾಲು ಮತ್ತು ಗ್ರಿಲ್ ನಡುವೆ ಕಿರಿಯವನ ಬೆರಳು ಸಿಕ್ಕಿತು. ಇಪ್ಪತ್ತು ವರ್ಷ ಇರಬಹುದು ಆ ಹುಡುಗನಿಗೆ. ಉಗುರು ಕಿತ್ತು ಬಂತು. ಡಾಕ್ಟರ ಹತ್ತಿರ ಕರೆದುಕೊಂಡು ಹೋದೆವು, ಖರ್ಚು ಕೊಟ್ಟೆವು, ಒಂದು ವಾರದ ಕೂಲಿಯನ್ನೂ ಕೊಟ್ಟೆವು. ಆದರೆ ಅವನು ಕೆಳಗೆ ಕೂತು ಕೈಯನ್ನು ಎದೆಗೊತ್ತಿಕೊಂಡು, "ಏನೂ ಆಗಿಲ್ಲ ಭಾಭಿ" ಅಂದದ್ದು ಮರೆಯುವುದಿಲ್ಲ. ಟೇಪು ನನ್ನ ಡ್ರಾಯರಿನಲ್ಲಿತ್ತು. ಐದು ನಿಮಿಷದ ಕೆಲಸವಾಗಿತ್ತು.

ಅಂಗಡಿಯವರು ಸೋಫಾ ವಾಪಸ್ ತೆಗೆದುಕೊಂಡರು. ಆದರೆ ನೂರಕ್ಕೆ ಹದಿನೈದರಷ್ಟು ಕಡಿತ, 6,900 ರೂಪಾಯಿ. ಜೊತೆಗೆ ಟೆಂಪೋ 1,500. ಬಿಲ್ಲಿನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಎಲ್ಲಾ ಇತ್ತು: ಬಾಗಿಲು, ಮೆಟ್ಟಿಲು, ಲಿಫ್ಟ್ ಅಳತೆಯ ಜವಾಬ್ದಾರಿ ಗ್ರಾಹಕರದ್ದು ಅಂತ. ಓದದಿದ್ದದ್ದು ನಾವು.

ರಾತ್ರಿ ಫೋನಿನಲ್ಲಿ ಅತ್ತೆಗೆ ಎಲ್ಲಾ ಹೇಳಿದೆ. ಅವರು ನಕ್ಕು, "ಅಲ್ಲವಾ, ನಮ್ಮ ಮನ್ಯಾಗ ಬಡಿಗ್ಯಾ ಪಡಸಾಲ್ಯಾಗ ಕುಂತ ಮಂಚಾ ಮಾಡ್ತಿದ್ದ. ಬಾಗಲಾ ಅಳಿಯೂ ಮಾತ ಇರಲಿಲ್ಲ. ನೀವು ಮಂಚಾ ಬ್ಯಾರೆ ಕಡೆ ಮಾಡಿ, ಮನಿ ಬ್ಯಾರೆ ಕಡೆ ಕಟ್ಟಿ, ಆಮ್ಯಾಲೆ ಎರಡಕ್ಕೂ ಲಗ್ನಾ ಮಾಡ್ತೀರಿ" ಅಂದರು. ಎಷ್ಟು ನಿಜ ನೋಡಿ! ನಮ್ಮ ಹಳೆಯ ಮಂಚಗಳು ಬೆಣೆ ಬಿಚ್ಚಿದರೆ ನಾಲ್ಕು ಕಾಲು, ನಾಲ್ಕು ಪಟ್ಟಿ ಆಗುತ್ತಿದ್ದವು. ಆ ಜಾಣತನವನ್ನು ನಾವೇ ಮರೆತಿದ್ದೇವೆ.

ಮರುದಿನವೇ ನಾನು ಮತ್ತು ಮಗಳು ಟೇಪು, ಪೆನ್ಸಿಲ್, ಹಳೆಯ ಡೈರಿ ಹಿಡಿದು ಕೆಳಗಿನ ಗೇಟಿನಿಂದ ಶುರು ಮಾಡಿದೆವು. ಅವತ್ತು ಕಲಿತದ್ದನ್ನು ನಿಮಗೆ ಒಂದೊಂದಾಗಿ ಹೇಳುತ್ತೇನೆ. ಫೋನಿನಲ್ಲಿ ಬರೆದುಕೊಳ್ಳಿ.

ಮೊದಲನೆಯದು, ದಾರಿಯನ್ನು ಹೊರಗಿನಿಂದ ಒಳಕ್ಕೆ ಅಳೆಯಿರಿ. ಟೆಂಪೋ ನಿಲ್ಲುವ ಜಾಗದಿಂದ ಸೋಫಾ ಕೂರುವ ಜಾಗದವರೆಗೆ ಪ್ರತಿ ಬಾಗಿಲು, ಪ್ರತಿ ತಿರುವು. ಅತ್ಯಂತ ಇಕ್ಕಟ್ಟಾದ ಜಾಗ ಯಾವುದೋ ಅದೇ ನಿಮ್ಮ ಸೋಫಾದ ಅಳತೆ. ಲ್ಯಾಂಡಿಂಗಿನಲ್ಲಿರುವ ಚಪ್ಪಲಿ ಸ್ಟ್ಯಾಂಡು, ಮೀಟರ್ ಪೆಟ್ಟಿಗೆ, ತುಳಸಿ ಕುಂಡ, ನೀರಿನ ಪೈಪು, ಎಲ್ಲವನ್ನೂ ಲೆಕ್ಕಕ್ಕೆ ಹಿಡಿಯಿರಿ.

ಎರಡನೆಯದು, ಬಾಗಿಲಿನ ಚೌಕಟ್ಟು ಅಳೆಯಬೇಡಿ, ಖಾಲಿ ಸಿಗುವ ಜಾಗ ಅಳೆಯಿರಿ. ನಮ್ಮ ಮುಂಬಾಗಿಲ ಚೌಕಟ್ಟು 36 ಇಂಚು. ಬಾಗಿಲು ತೆರೆದಾಗ ಹಲಗೆಯ ದಪ್ಪ ಕಳೆದು 34. ಹೊರಗಿನ ಸೇಫ್ಟಿ ಡೋರು ಪಕ್ಕದ ಮೀಟರ್ ಪೆಟ್ಟಿಗೆಗೆ ತಾಗಿ ಪೂರ್ತಿ ತೆರೆಯುವುದಿಲ್ಲ. ಹಾಗಾಗಿ ನಿಜಕ್ಕೂ ಸಿಗುವುದು 31. ಐದು ಇಂಚು ಎಲ್ಲಿ ಹೋಯಿತು ಅಂತಲೇ ಗೊತ್ತಿರಲಿಲ್ಲ! ಬಿಜಾಗರಿಯ ತಿರುಪು ಬಿಚ್ಚಿ ಬಾಗಿಲನ್ನೇ ತೆಗೆದಿಟ್ಟರೆ ಇದರಲ್ಲಿ ಸ್ವಲ್ಪ ವಾಪಸ್ ಸಿಗುತ್ತದೆ. ಬಡಗಿಗೆ ಅದು ಹತ್ತು ನಿಮಿಷದ ಕೆಲಸ.

ಮೂರನೆಯದು, ಸೋಫಾದ ಓರೆ ಆಳ. ಅಂಗಡಿಯ ಚೀಟಿಯಲ್ಲಿ ಉದ್ದ, ಆಳ, ಎತ್ತರ ಮೂರೇ ಇರುತ್ತವೆ. ಆದರೆ ಬಾಗಿಲಲ್ಲಿ ಸೋಫಾವನ್ನು ಓರೆ ಮಾಡಿ ತೂರಿಸುತ್ತಾರೆ. ಬೆನ್ನಿನ ತುದಿಯಿಂದ ಮುಂದಿನ ಕೈಯ ತುದಿಗೆ ಒಂದು ನೇರ ಕೋಲು ಇಡಿ. ಹಿಂದಿನ ಕೆಳಮೂಲೆಯಿಂದ ಆ ಕೋಲಿಗೆ ನೇರವಾಗಿ ಎಷ್ಟು ದೂರ ಅಂತ ಅಳೆಯಿರಿ. ಅದೇ ಓರೆ ಆಳ. ನಮ್ಮ ಮೊದಲ ಸೋಫಾದ ಆಳ 36, ಬೆನ್ನಿನ ಎತ್ತರ 34, ಕೈಯ ಎತ್ತರ 22 ಇಂಚು. ಲೆಕ್ಕ ಹಾಕಿದರೆ ಓರೆ ಆಳ 32 ಇಂಚಿಗೆ ಸ್ವಲ್ಪ ಹೆಚ್ಚು. ಬಾಗಿಲು ಇರುವುದು 31! ಅಂದರೆ ಮೆಟ್ಟಿಲು ದಾಟಿ ಬಂದಿದ್ದರೂ ಅದು ನಮ್ಮ ಹೊಸ್ತಿಲು ದಾಟುತ್ತಿರಲಿಲ್ಲ. ಇದು ಗೊತ್ತಾದ ದಿನ ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ.

ನಾಲ್ಕನೆಯದು, ನೆಟ್ಟಗೆ ನಿಲ್ಲಿಸುವ ಲೆಕ್ಕ. ಸೋಫಾವನ್ನು ಒಂದು ಕೈಯ ಮೇಲೆ ನಿಲ್ಲಿಸಿದರೆ ಅದರ ಉದ್ದವೇ ಎತ್ತರವಾಗುತ್ತದೆ. ತೊಲೆ, ಟ್ಯೂಬ್‌ಲೈಟು, ಲಿಫ್ಟಿನ ಛಾವಣಿ, ಇವುಗಳಲ್ಲಿ ಅತ್ಯಂತ ಕೆಳಗಿರುವುದಕ್ಕಿಂತ ಅದು ಎರಡು ಮೂರು ಇಂಚಾದರೂ ಕಡಿಮೆ ಇರಬೇಕು. ಲಿಫ್ಟ್ ಇರುವವರು ನಮಗೆ ಚಿಂತೆಯಿಲ್ಲ ಅನ್ನಬೇಡಿ. ಲಿಫ್ಟಿನ ಒಳಗೆ ಜಾಗ ಇರುತ್ತದೆ, ಬಾಗಿಲು ಕಿರಿದಾಗಿರುತ್ತದೆ. 28 ಇಂಚಿನ ಬಾಗಿಲಿನ ಲಿಫ್ಟಿನಲ್ಲಿ 33 ಇಂಚು ಆಳ, 33 ಇಂಚು ಎತ್ತರದ ಸೋಫಾ ಹೋಗುವ ಆಸೆ ಇಟ್ಟುಕೊಳ್ಳಬೇಡಿ. ಓರೆ ಮಾಡಿ ಎರಡು ಇಂಚು ಉಳಿಸಬಹುದು, ಐದು ಇಂಚು ಉಳಿಸುವುದು ಕಷ್ಟ.

ಐದನೆಯದು ತಿರುವಿನ ಲೆಕ್ಕ. ಇದೊಂದೇ ಸ್ವಲ್ಪ ಗಣಿತ, ಹೆದರಬೇಡಿ. ನೇರ ಮೂಲೆಯಲ್ಲಿ ತಿರುಗುವ ಒಂದೇ ಅಗಲದ ಪ್ಯಾಸೇಜಿನಲ್ಲಿ ಆಯತಾಕಾರದ ವಸ್ತುವನ್ನು ಮಲಗಿಸಿಯೇ ತಿರುಗಿಸಬೇಕು ಅಂದುಕೊಳ್ಳಿ. ಪ್ಯಾಸೇಜಿನ ಅಗಲವನ್ನು 1.414ರಿಂದ ಗುಣಿಸಿ. ಅದರಿಂದ ವಸ್ತುವಿನ ಅಗಲ ಕಳೆಯಿರಿ. ಉಳಿದದ್ದನ್ನು ಎರಡರಿಂದ ಗುಣಿಸಿ. ಅದಕ್ಕಿಂತ ಉದ್ದವಾದದ್ದು ತಿರುಗುವುದಿಲ್ಲ. ನಮ್ಮ ಲ್ಯಾಂಡಿಂಗ್ 38 ಇಂಚು. ಗುಣಿಸಿದರೆ 53.7. ಸೋಫಾದ ಆಳ 36 ಕಳೆದರೆ 17.7. ಎರಡರಷ್ಟು ಮಾಡಿದರೆ ಮೂವತ್ತೈದೂವರೆ ಇಂಚು. ನಾವು ತಂದದ್ದು 84!

ಇದನ್ನು ಕೇಳಿ ನಗಬೇಡಿ, ಗಣಿತಜ್ಞರಿಗೂ ಸೋಫಾ ತಲೆನೋವಾಗಿತ್ತು. ಒಂದು ಮೀಟರ್ ಅಗಲದ, ಮೂಲೆಯಲ್ಲಿ ತಿರುಗುವ ಪ್ಯಾಸೇಜಿನಲ್ಲಿ ಹಾಯುವ ಅತಿ ದೊಡ್ಡ ಸೋಫಾದ ಆಕಾರ ಯಾವುದು ಎಂಬ ಪ್ರಶ್ನೆಯನ್ನು 1966ರಲ್ಲಿ ಲಿಯೋ ಮೋಸರ್ ಎಂಬ ಗಣಿತಜ್ಞರು ಕೇಳಿದರು. 1968ರಲ್ಲಿ ಹ್ಯಾಮರ್‌ಸ್ಲಿ ಎಂಬವರು ಹಳೆಯ ಫೋನಿನ ರಿಸೀವರಿನಂಥ ಒಂದು ಆಕಾರ ಸೂಚಿಸಿದರು. 1992ರಲ್ಲಿ ಗರ್ವರ್ ಎಂಬವರು ಅದನ್ನು ಇನ್ನಷ್ಟು ತಿದ್ದಿ, ಸುಮಾರು 2.2195 ಚದರ ಮೀಟರಿನ ಆಕಾರ ಕೊಟ್ಟರು. ಅದಕ್ಕಿಂತ ದೊಡ್ಡದು ಸಾಧ್ಯವೇ ಇಲ್ಲ ಎಂಬ ಸಾಧನೆಯನ್ನು ದಕ್ಷಿಣ ಕೊರಿಯಾದ ಜಿನಿಯಾನ್ ಬೇಕ್ ಮುಂದಿಟ್ಟದ್ದು 2024ರಲ್ಲಿ. ಪ್ರಶ್ನೆ ಕೇಳಿ ಐವತ್ತೆಂಟು ವರ್ಷದ ಮೇಲೆ! ಪಾಪ, ನಮ್ಮ ಹಮಾಲರು ಅದನ್ನು ಹತ್ತು ನಿಮಿಷದಲ್ಲಿ ಹೇಳಿದ್ದರು. ನಾನೇ ಕೇಳಲಿಲ್ಲ.

ಆರನೆಯದು, ಮಗಳ ಉಪಾಯ. ಅವಳಿಗೆ ಎಂಟು ವರ್ಷ. "ಅಮ್ಮಾ, ಸುಳ್ಳುಸುಳ್ಳೇ ಸೋಫಾ ಮಾಡೋಣ" ಅಂದಳು. ಕಿರಾಣಿ ಅಂಗಡಿಯಿಂದ ಖಾಲಿ ರಟ್ಟಿನ ಪೆಟ್ಟಿಗೆ ತಂದು, ಟೇಪು ಅಂಟಿಸಿ, ನಾವು ಕೊಳ್ಳಬೇಕೆಂದಿರುವ ಅಳತೆಗೆ ಜೋಡಿಸಿದೆವು. ಅದನ್ನು ಹೊತ್ತು ಮೂರು ಮಹಡಿ ಹತ್ತಿದೆವು. ಎರಡನೇ ಮಹಡಿಯ ಅಜ್ಜಿ ಬಾಗಿಲು ತೆರೆದು, ಇವರಿಗೆ ಹುಚ್ಚು ಹಿಡಿಯಿತೇ ಅನ್ನುವ ಹಾಗೆ ನೋಡಿದರು. ಆದರೆ ಲೆಕ್ಕ ಬಾರದವರಿಗೂ ರಟ್ಟಿನ ಪೆಟ್ಟಿಗೆ ಸುಳ್ಳು ಹೇಳುವುದಿಲ್ಲ.

ಕೊನೆಗೆ ನಾವು ಕೊಂಡದ್ದು ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಬೋಲ್ಟ್ ಹಾಕಿ ಜೋಡಿಸುವ ಸೋಫಾ. ಒಂದೊಂದು ಸೀಟೂ ಬೇರೆ, ಕಾಲುಗಳು ತಿರುಪು ಬಿಚ್ಚಿದರೆ ಕೈಗೆ ಬರುತ್ತವೆ, ಯಾವ ತುಂಡೂ 29 ಇಂಚು ದಾಟುವುದಿಲ್ಲ. ಕೂರುವ ಎತ್ತರ 19 ಇಂಚು, ಗಟ್ಟಿ ಫೋಮು, ಕೈ ಊರಿ ಏಳಲು ಎರಡೂ ಕಡೆ ಬಲವಾದ ಕೈಗಳು. ಮನೆಯಲ್ಲಿ ಮೊಣಕಾಲು ನೋವಿನವರಿದ್ದರೆ ಇದನ್ನು ನೆನಪಿಡಿ: ಕೂತಾಗ ಸೊಂಟ ಮೊಣಕಾಲಿಗಿಂತ ಸ್ವಲ್ಪ ಮೇಲಿರಬೇಕು. ಹೂತುಹೋಗುವ ಮೆತ್ತನೆಯ ಸೋಫಾ ಅಂಗಡಿಯಲ್ಲಿ ಹಿತ, ಏಳುವಾಗ ಶತ್ರು. ಬಿಡಿಸೋಫಾ ಬೇಡ ಅನ್ನುವವರು ಬಡಗಿಯನ್ನು ಮನೆಗೇ ಕರೆಸಿ ಹಾಲಿನಲ್ಲಿ ಮಾಡಿಸಬಹುದು, ನಮ್ಮ ಅತ್ತೆ ಹೇಳಿದ ಪಡಸಾಲೆಯ ಮಂಚದ ಹಾಗೆ. ಆದರೆ ಮನೆ ಬದಲಿಸುವಾಗ ಅದನ್ನು ಹೊರಗೆ ಒಯ್ಯಬೇಕು ಅನ್ನುವುದು ನೆನಪಿರಲಿ.

ಇಷ್ಟೇ ಆಗಿದ್ದರೆ ನಾನು ಇವತ್ತು ಇಲ್ಲಿ ನಿಂತು ಮಾತಾಡುತ್ತಿರಲಿಲ್ಲ.

ಆಗಸ್ಟ್ ತಿಂಗಳು, ಜೋರು ಮಳೆ. ರಾತ್ರಿ ಒಂದೂವರೆಗೆ ಅತ್ತೆಗೆ ಉಸಿರಾಟ ಕಷ್ಟವಾಯಿತು. ಎರಡು ದಿನದಿಂದ ಜ್ವರ ಇತ್ತು. ತುಟಿ ನೀಲಿಯಾಗುತ್ತಿತ್ತು, ಕರೆದರೆ ಸರಿಯಾಗಿ ಉತ್ತರ ಇಲ್ಲ. 108ಕ್ಕೆ ಫೋನ್ ಮಾಡಿದೆವು. ಆಂಬುಲೆನ್ಸ್ ಬಂತು. ಇಬ್ಬರು ಸ್ಟ್ರೆಚರ್ ಹಿಡಿದು ಮೇಲೆ ಬರಲು ಹೊರಟರು.

ನಾನು ಬಾಲ್ಕನಿಯಿಂದಲೇ ಕೂಗಿದೆ. "ಸ್ಟ್ರೆಚರ್ ಎರಡನೇ ಮಹಡಿಯಲ್ಲೇ ಬಿಡಿ, ಮೇಲೆ ತಿರುಗುವುದಿಲ್ಲ!"

ಹೇಗೆ ಗೊತ್ತಿತ್ತು? ಅದೇ ಡೈರಿ, ಅದೇ ಲೆಕ್ಕ. ಸ್ಟ್ರೆಚರ್ ಸುಮಾರು ಆರೂವರೆ ಅಡಿ, ಅಂದರೆ 78 ಇಂಚು. ಅಗಲ 22 ಇಂಚು ಹಿಡಿಯಿರಿ. 53.7ರಲ್ಲಿ 22 ಕಳೆದು ಎರಡರಷ್ಟು ಮಾಡಿದರೆ 63 ಚಿಲ್ಲರೆ ಇಂಚು. ಮಲಗಿಸಿದ ಸ್ಟ್ರೆಚರ್ ಆ ಲ್ಯಾಂಡಿಂಗಿನಲ್ಲಿ ತಿರುಗುವುದಿಲ್ಲ. ಕಟಕಟೆಯ ಮೇಲೆ ಎತ್ತಲು ಗ್ರಿಲ್ ಬಿಡುವುದಿಲ್ಲ. ಸೋಫಾವನ್ನು ನೆಟ್ಟಗೆ ನಿಲ್ಲಿಸಿ ನೋಡಬಹುದು, ಉಸಿರು ಸಿಗದೆ ಒದ್ದಾಡುವ ಮನುಷ್ಯರನ್ನು ನಿಲ್ಲಿಸಲಾಗುತ್ತದೆಯೇ?

ಊಟದ ಮೇಜಿನ ಕೈಯಿರುವ ಕುರ್ಚಿಯಲ್ಲಿ ಅತ್ತೆಯನ್ನು ಕೂರಿಸಿದೆವು. ನನ್ನ ಎರಡು ಕಾಟನ್ ಸೀರೆಯಿಂದ ಎದೆಗೂ ತೊಡೆಗೂ ಕುರ್ಚಿಗೆ ಸೇರಿಸಿ ಕಟ್ಟಿದೆವು. ನಮ್ಮವರು, ಆಂಬುಲೆನ್ಸಿನ ಇಬ್ಬರು, ಎದುರು ಮನೆಯ ಹುಡುಗ, ನಾಲ್ವರು ಎತ್ತಿ ಎರಡನೇ ಮಹಡಿಗೆ ಇಳಿಸಿದರು. ಅಲ್ಲಿ ಸ್ಟ್ರೆಚರ್ ಸಿದ್ಧವಿತ್ತು. ಅಲ್ಲಿಂದ ಕೆಳಗೆ ಗ್ರಿಲ್ ಇಲ್ಲ, ಕಟಕಟೆಯ ಮೇಲಿಂದ ತಿರುಗಿಸಿ ಇಳಿಸಿದರು. ನ್ಯುಮೋನಿಯಾ ಆಗಿತ್ತು. ಎಂಟು ದಿನ ಆಸ್ಪತ್ರೆಯಲ್ಲಿದ್ದರು. ಆಕ್ಸಿಜನ್ ಸರಿಯಾದ ಹೊತ್ತಿಗೆ ಸಿಕ್ಕಿತು ಅಂದರು ಡಾಕ್ಟರು.

ಆ ರಾತ್ರಿ ನನ್ನ ಕಣ್ಣ ಮುಂದೆ ಬಂದದ್ದು ಸೋಫಾ ಹೊತ್ತ ಆ ಹುಡುಗ. ಅವನ ಉಗುರು ಹೋಗದಿದ್ದರೆ ನಾನು ಟೇಪು ಹಿಡಿಯುತ್ತಿರಲಿಲ್ಲ. ಟೇಪು ಹಿಡಿಯದಿದ್ದರೆ ಸ್ಟ್ರೆಚರ್ ಮೇಲೆ ಬಂದು, ಸಿಕ್ಕಿ, ವಾಪಸ್ ಇಳಿಯುವಷ್ಟರಲ್ಲಿ ಎಷ್ಟು ನಿಮಿಷ ಹೋಗುತ್ತಿತ್ತೋ.

ಸೆಪ್ಟೆಂಬರಿನ ಸೊಸೈಟಿ ಸಭೆಗೆ ನಾನು ಹೋದೆ. ಅಲ್ಲಿಯವರೆಗೆ ಆ ಸಭೆಗೆ ನಮ್ಮವರೇ ಹೋಗುತ್ತಿದ್ದರು. ಒಂದು ಕಾಗದದ ಮೇಲೆ ಲ್ಯಾಂಡಿಂಗಿನ ಚಿತ್ರ, ಸ್ಟ್ರೆಚರಿನ ಅಳತೆ ಬರೆದು ಎಲ್ಲರ ಕೈಗೆ ಕೊಟ್ಟೆ. ಕಾರ್ಯದರ್ಶಿಯವರು, "ಗ್ರಿಲ್ ಕಳ್ಳರಿಗೆ ಹಾಕಿದ್ದು, ತೆಗೆಯಲಾಗದು" ಅಂದರು. ನಾನು, "ತೆಗೆಯಬೇಡಿ, ತೆರೆಯುವ ಹಾಗೆ ಮಾಡಿ" ಅಂದೆ. ಸಭೆಯಲ್ಲಿ ಗುಸುಗುಸು ಶುರುವಾಯಿತು. ಆಗ ಎರಡನೇ ಮಹಡಿಯ ಅಜ್ಜಿ, ರಟ್ಟಿನ ಪೆಟ್ಟಿಗೆ ನೋಡಿ ಹುಚ್ಚು ಅಂದುಕೊಂಡವರು, ಎದ್ದು ನಿಂತು ಮರಾಠಿಯಲ್ಲಿ ಒಂದೇ ಮಾತು ಕೇಳಿದರು: "ನಾಳೆ ನಾಲ್ಕನೇ ಮಹಡಿಯಿಂದ ನಿಮ್ಮಮ್ಮನನ್ನು ಇಳಿಸಬೇಕಾದರೆ?" ಕಾರ್ಯದರ್ಶಿಯವರ ಮನೆ ನಾಲ್ಕನೇ ಮಹಡಿಯಲ್ಲಿ. ಅವರ ತಾಯಿಗೆ ಎಂಬತ್ತು ದಾಟಿದೆ.

ದೀಪಾವಳಿಗೆ ಮುಂಚೆ ಗ್ರಿಲ್ಲಿನ ಅರ್ಧ ಭಾಗಕ್ಕೆ ಬಿಜಾಗರಿ ಬಂತು, ಒಳಗಿನಿಂದ ತೆರೆಯುವ ಚಿಲಕ ಬಂತು. ಲ್ಯಾಂಡಿಂಗಿನ ಚಪ್ಪಲಿ ಸ್ಟ್ಯಾಂಡುಗಳು ಮನೆಯೊಳಗೆ ಹೋದವು. ಹದಿನಾರು ಮನೆ, ಮನೆಗೆ 350 ರೂಪಾಯಿ. ಒಂದು ಸಂಜೆಯ ಹೋಟೆಲ್ ಬಿಲ್ಲಿಗಿಂತ ಕಡಿಮೆ.

ಅಕ್ಕತಂಗಿಯರೇ, ನಾವು ಊರು ಬಿಟ್ಟು ಬಂದವರು. ಧಾರವಾಡ, ಉಡುಪಿ, ಶಿವಮೊಗ್ಗದ ಅಗಲ ಅಂಗಳದ ಮನೆಗಳಿಂದ ಈ ಇಕ್ಕಟ್ಟಿನ ಮೆಟ್ಟಿಲುಗಳಿಗೆ ಬಂದಿದ್ದೇವೆ. ನಮ್ಮ ಹಿರಿಯರನ್ನೂ ಕರೆತರುತ್ತಿದ್ದೇವೆ. ಅವರು ಹೇಗೆ ಹತ್ತುತ್ತಾರೆ ಅಂತ ಯೋಚಿಸುತ್ತೇವೆ. ತುರ್ತಿನಲ್ಲಿ ಹೇಗೆ ಇಳಿಯುತ್ತಾರೆ ಅಂತ ಯಾರೂ ಯೋಚಿಸುವುದಿಲ್ಲ. ಹಾಸಿಗೆ ಇದ್ದಷ್ಟು ಕಾಲು ಚಾಚು ಅನ್ನುತ್ತಾರೆ. ಬಾಗಿಲಿದ್ದಷ್ಟು ಸೋಫಾ ಕೊಳ್ಳಿ ಅಂತ ನಾನು ಸೇರಿಸುತ್ತೇನೆ. ಅಂಗಡಿಗೆ ಹೋಗುವ ಮುಂಚೆ ಐದು ನಿಮಿಷ ಟೇಪು ಹಿಡಿಯಿರಿ. ಅಳತೆ ಗಂಡಸರ ಕೆಲಸ ಅಂತ ಬಿಡಬೇಡಿ, ಅಡುಗೆಮನೆಯಲ್ಲಿ ಕಣ್ಣಳತೆಯಲ್ಲೇ ಉಪ್ಪು ಹಾಕುವವರು ನಾವು. ಸಾಮಾನು ಹೊರುವವರು ಆಗಲ್ಲ ಅಂದರೆ ಅವರ ಮಾತು ಕೇಳಿ. ಮತ್ತೆ ಇವತ್ತು ಮನೆಗೆ ಹೋಗುವಾಗ ನಿಮ್ಮ ಕಟ್ಟಡದ ಲ್ಯಾಂಡಿಂಗಿನಲ್ಲಿ ಒಂದು ನಿಮಿಷ ನಿಂತು ನೋಡಿ, ಇಲ್ಲಿ ಸ್ಟ್ರೆಚರ್ ತಿರುಗುತ್ತದೆಯೇ ಅಂತ.

ನಮ್ಮ ಅತ್ತೆ ಇಲ್ಲೇ ಮೊದಲ ಸಾಲಿನಲ್ಲಿ ಕೂತಿದ್ದಾರೆ. ಬರುವಾಗ ದಾರಿಯಲ್ಲಿ, "ಏನ ಮಾತಾಡ್ತಿ?" ಅಂತ ಕೇಳಿದರು. ಸೋಫಾ ಬಗ್ಗೆ ಅಂದೆ. "ಹಂಗಾರ ನನ್ನ ಕುರ್ಚಿ ಮ್ಯಾಲಿನ ಮೆರವಣಿಗೀನೂ ಹೇಳವಾ, ಲಗ್ನದಾಗೂ ನನಗ ಹಂತಾ ಮೆರವಣಿಗಿ ಆಗಿದ್ದಿಲ್ಲ" ಅಂದರು.

ಹೇಳಿದ್ದೇನೆ ಅತ್ತೆ.